ಇಥಿಯೋಪಿಯಾದಲ್ಲಿ ಸಾವಿರ ಎಕರೆ ಗುತ್ತಿಗೆ: ದುಡ್ಡು ಹಾಕೋ ಮೊದಲು

ದಾವಣಗೆರೆ ಅಣ್ಣಾವ್ರೇ, ಏಜೆಂಟ್ ಒಬ್ಬ ಇಥಿಯೋಪಿಯಾದ ಗಂಬೆಲ್ಲಾ ಪ್ರಾಂತ್ಯದಲ್ಲಿ 25 ವರ್ಷಕ್ಕೆ ಸಾವಿರ ಎಕರೆ ಕೊಡಿಸ್ತೀನಿ ಅಂದಿದಾನೆ, ಐದು ಜನ ಸೇರಿ ಮೆಕ್ಕೆಜೋಳ ಹಾಕಬಹುದಾ ಅಂತ ಕೇಳಿದೀರಿ. ನಿಮ್ಮ ಪ್ರಶ್ನೆಗೆ ಇಲ್ಲಿ ಕೆಲವರು "ಮಣ್ಣು ಚಿನ್ನ, ಗೇಣಿ ಅಗ್ಗ, ಕಣ್ಣುಮುಚ್ಚಿ ಹೋಗಿ" ಅಂದಿದಾರೆ. ಮಣ್ಣಿನ ಮಾತು ಸುಳ್ಳಲ್ಲ. ಆದರೆ ನಾನು ಮೊದಲು ಕೇಳೋದೇ ಬೇರೆ: ಬೆಳೆ ಮಾರಿದ ದುಡ್ಡು ಊರಿಗೆ ಹೆಂಗೆ ಬರುತ್ತೆ?

ಅದೇ ಗಂಬೆಲ್ಲಾಕ್ಕೆ ನಮ್ಮ ಬೆಂಗಳೂರಿನ ಕರುತುರಿ ಗ್ಲೋಬಲ್ ಕಂಪನಿ ಹೋಗಿತ್ತು. 2010ರ ಕರಾರಿನಲ್ಲಿ 1 ಲಕ್ಷ ಹೆಕ್ಟೇರ್, ಗೇಣಿ ವರ್ಷಕ್ಕೆ ಹೆಕ್ಟೇರಿಗೆ 20 ಬಿರ್ (ಬಿರ್ ಅಂದ್ರೆ ಅಲ್ಲಿನ ದುಡ್ಡು). ಬಿಟ್ಟಿ ಕೊಟ್ಟ ಹಾಗೇ. 2011ರಲ್ಲಿ ಬಾರೋ ನದಿ ಉಕ್ಕಿ ಮೆಕ್ಕೆಜೋಳ ಕೊಚ್ಚಿಕೊಂಡು ಹೋಯ್ತು. 2015ರ ಕೊನೆಗೆ, ಕರಾರಿನಂತೆ ಜಮೀನು ಅಭಿವೃದ್ಧಿ ಮಾಡಿಲ್ಲ ಅಂತ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಕಂಪನಿ ಒಪ್ಪಲಿಲ್ಲ, ಆ ಮಾತು ಬೇರೆ. ಅಷ್ಟು ದೊಡ್ಡವರ ಗತಿಯೇ ಇದಾದರೆ ಐದು ಜನರ ಪಾಲುದಾರಿಕೆಯನ್ನ ಯಾರು ಕೇಳ್ತಾರೆ?

ಅಲ್ಲಿ ಭೂಮಿ ಯಾರ ಸ್ವಂತದ್ದೂ ಅಲ್ಲ. 1975ರಲ್ಲಿ ಸೈನಿಕ ಸರ್ಕಾರ ಎಲ್ಲಾ ವಶಕ್ಕೆ ತಗೊಂಡಿತು, 1995ರ ಸಂವಿಧಾನವೂ ಮಾರೋ ಹಾಗಿಲ್ಲ ಅನ್ನುತ್ತೆ. ನಿಮ್ಮ ಕೈಲಿರೋದು ಸರ್ಕಾರದ ಜೊತೆಗಿನ ಕರಾರು ಮಾತ್ರ. ಖಾಲಿ ಜಮೀನು ಅಂತ ಏಜೆಂಟ್ ತೋರಿಸೋ ಜಾಗದಲ್ಲಿ ಆನುವಾಕ್ ಜನ ತಲೆತಲಾಂತರದಿಂದ ಉತ್ತು, ಮೀನು ಹಿಡಿದು ಬದುಕಿದ್ದಾರೆ. 2012ರಲ್ಲಿ ಅಲ್ಲಿನ ಸೌದಿ ಸ್ಟಾರ್ ಕಂಪನಿಯ ಭತ್ತದ ಫಾರ್ಮಿನ ಮೇಲೆ ದಾಳಿಯಾಗಿ ಕನಿಷ್ಠ ಐವರು ಸತ್ತರು.

ಈಗ ಅಸಲು ವಿಷಯ, ಡಾಲರ್. ಇಥಿಯೋಪಿಯಾ 2023ರ ಡಿಸೆಂಬರಿನಲ್ಲಿ ವಿದೇಶಿ ಬಾಂಡಿನ ಬಡ್ಡಿ ಕಂತು ಕಟ್ಟಲಿಲ್ಲ. 2024ರ ಜುಲೈನಲ್ಲಿ ಐಎಂಎಫ್ ಸಾಲಕ್ಕಾಗಿ ಬಿರ್ ಬೆಲೆಯನ್ನ ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 57 ಬಿರ್ ಆಸುಪಾಸು ಇದ್ದದ್ದು ಕೆಲವೇ ವಾರದಲ್ಲಿ ನೂರು ದಾಟಿತು. ಮೆಕ್ಕೆಜೋಳವನ್ನ ಅಲ್ಲೇ ಮಾರಿ ಬಿರ್ ಇಟ್ಟುಕೊಂಡವನಿಗೆ, ಡಾಲರ್ ಲೆಕ್ಕದಲ್ಲಿ ಕೈಗೆ ಅರ್ಧ. ಹೊರಗೆ ಕಳಿಸೋಣ ಅಂದ್ರೆ 1993ರಲ್ಲಿ ಎರಿಟ್ರಿಯಾ ಬೇರೆಯಾದ ಮೇಲೆ ದೇಶಕ್ಕೆ ಕರಾವಳಿಯೇ ಇಲ್ಲ, ಮಾಲೆಲ್ಲಾ ಹೆಚ್ಚಾಗಿ ಜಿಬೂತಿ ಬಂದರಿನಿಂದಲೇ. ಗಂಬೆಲ್ಲಾ ಪಶ್ಚಿಮದ ತುದಿ, ಜಿಬೂತಿ ಪೂರ್ವಕ್ಕೆ. ನಡುವಿನ ರಾಜಧಾನಿ ಆಡಿಸ್ ಅಬಾಬಾದಿಂದಲೇ ಜಿಬೂತಿಗೆ ರೈಲಿನಲ್ಲಿ ಸುಮಾರು 750 ಕಿ.ಮೀ. ಮೆಕ್ಕೆಜೋಳದಂಥ ಅಗ್ಗದ ಮಾಲು ಆ ಬಾಡಿಗೆ ತಡೆಯೋದಿಲ್ಲ. ಕಾಫಿ ತಡೆಯುತ್ತೆ, ವಿಮಾನದಲ್ಲಿ ಹೋಗೋ ಹೂವು ತಡೆಯುತ್ತೆ.

ಉತ್ತರದ ಟಿಗ್ರಾಯ್ ಪ್ರಾಂತ್ಯದ ಯುದ್ಧ 2022ರ ನವೆಂಬರಿನಲ್ಲಿ ನಿಂತರೂ 2023ರಿಂದ ಪಕ್ಕದ ಅಮ್ಹಾರಾ ಪ್ರಾಂತ್ಯದಲ್ಲಿ ಕಾಳಗ. ದೇಶ ಬೆಳೀತಿಲ್ಲ ಅಂತಲ್ಲ. 12 ಕೋಟಿ ದಾಟಿದ ಜನ, 2024ರಿಂದ ಬ್ರಿಕ್ಸ್ ಸದಸ್ಯ, ನೀಲಿ ನೈಲ್ ಮೇಲೆ ದೊಡ್ಡ ಅಣೆಕಟ್ಟು. ಹತ್ತು ವರ್ಷ ದುಡ್ಡು ಸಿಕ್ಕಿಹಾಕಿಕೊಂಡ್ರೂ ತಡೀತೀನಿ ಅನ್ನೋರಿಗೆ ಸರಿ. ಬೆಳೆಸಾಲ ತಗೊಂಡು ಹೋಗೋರಿಗಲ್ಲ.

ಪಕ್ಕದ ಕೀನ್ಯಾ ಆಗಬಹುದಾ ಅಂದ್ರೆ, ಅಲ್ಲಿನ ಶಿಲ್ಲಿಂಗನ್ನ ಡಾಲರಿಗೆ ಬದಲಾಯಿಸೋದು ಸುಲಭ, ಮೊಂಬಾಸಾ ಬಂದರಿದೆ. ಆದರೆ 2010ರ ಸಂವಿಧಾನದಂತೆ ವಿದೇಶಿಗರಿಗೆ 99 ವರ್ಷ ಮೀರದ ಗುತ್ತಿಗೆ ಮಾತ್ರ. ಸ್ವಂತಕ್ಕೆ ಬರೆಸಿಕೊಡ್ತೀನಿ ಅಂದವನನ್ನ ಅಲ್ಲೇ ಬಿಟ್ಟು ಬನ್ನಿ.

ನನ್ನ ಕೇಳಿದ್ರೆ, ಹೊರದೇಶದ ಆಸೆ ಇದ್ದರೆ ಮೊದಲು ಮಾಲು ಕಳಿಸಿ, ಜಮೀನು ಆಮೇಲೆ. ದುಬೈನ ದಿರ್ಹಂ 1997ರಿಂದ ಡಾಲರಿಗೆ 3.6725ಕ್ಕೇ ಕಟ್ಟಿದೆ. 2022ರ ಮೇ 1ರಿಂದ ದುಬೈ ಇರೋ ಯುಎಇ ದೇಶದ ಜೊತೆ ನಮ್ಮ ವ್ಯಾಪಾರ ಒಪ್ಪಂದವೂ ಜಾರಿಯಲ್ಲಿದೆ. ಅಪೆಡಾದಲ್ಲಿ (ಕೃಷಿ ಮಾಲಿನ ರಫ್ತು ನೋಡಿಕೊಳ್ಳೋ ಕೇಂದ್ರ ಸಂಸ್ಥೆ) ನೋಂದಣಿ ಮಾಡಿಸಿ, ದಾಳಿಂಬೆಯೋ ತರಕಾರಿಯೋ ದುಬೈನ ಅಲ್ ಅವೀರ್ ಹಣ್ಣು-ತರಕಾರಿ ಮಾರುಕಟ್ಟೆಗೆ ಸಣ್ಣ ಲೋಡ್ ಕಳಿಸಿ ನೋಡಿ. ಇಸಿಜಿಸಿ ವಿಮೆ (ಹೊರದೇಶದ ಕೊಳ್ಳುವವನು ದುಡ್ಡು ಕೊಡದಿದ್ದರೆ ನಷ್ಟ ತುಂಬೋ ಸರ್ಕಾರಿ ಕಂಪನಿಯದ್ದು) ಇಲ್ಲದೆ ಸಾಲಕ್ಕೆ ಮಾಲು ಕೊಡಬೇಡಿ.

ಆದರೂ ಗಂಬೆಲ್ಲಾನೇ ಬೇಕು ಅಂದ್ರೆ, ಕರಾರು ಯಾವ ಸರ್ಕಾರದ ಜೊತೆ, ಫೆಡರಲ್ಲಾ ಪ್ರಾಂತ್ಯದ್ದಾ. ರದ್ದಾದರೆ ಯಂತ್ರಕ್ಕೆ ಪರಿಹಾರ ಉಂಟಾ. ವ್ಯಾಜ್ಯ ಯಾವ ದೇಶದಲ್ಲಿ ನಡೀಬೇಕು, ಇಷ್ಟನ್ನ ಬರವಣಿಗೆಯಲ್ಲಿ ತರಿಸಿ. ಅಡ್ವಾನ್ಸ್ ಏಜೆಂಟನ ಸ್ವಂತ ಖಾತೆಗೆ ಬೇಡ, ಬ್ಯಾಂಕ್ ಮೂಲಕವೇ ಹೋಗಲಿ. ಕರಾರಿನ ಕರಡು ಸಿಕ್ಕರೆ ಹೆಸರು ಅಳಿಸಿ ಇಲ್ಲಿ ಹಾಕಿ, ನೋಡೋಣ.