ಆ ಚೀಟಿಗೆ ಮುಂಚೆ ಅವರು ಬಾಯಲ್ಲೂ ಹೇಳಿರಬಹುದು

ಪ್ರಶ್ನೆ: ಅಕ್ಕಾ, ನನಗೆ 19 ವರ್ಷ. ಒಂದು ವರ್ಷದ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಓದಲು ವಿದೇಶಕ್ಕೆ ಬಂದು ನಾಲ್ಕು ತಿಂಗಳಾಯಿತು. ಒಂದು ಹೋಸ್ಟ್ ಫ್ಯಾಮಿಲಿ ಜೊತೆ ಇದ್ದೇನೆ. ಗಂಡ, ಹೆಂಡತಿ, ಏಳು ವರ್ಷದ ಮಗ. ಮೊದಲ ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ದಿನ ಆಂಟಿ ಫ್ರಿಜ್ ಮೇಲೆ ಚೀಟಿ ಅಂಟಿಸಿದರು. 'ರಾತ್ರಿ ಊಟಕ್ಕೆ ಇರುವುದಿಲ್ಲ ಎಂದರೆ ಸಂಜೆ ನಾಲ್ಕರೊಳಗೆ ತಿಳಿಸು. ಸ್ನಾನ ಆದ ಮೇಲೆ ನೆಲ ಒರೆಸು.' ಬಾಯಿ ಬಿಟ್ಟು ಹೇಳಬಹುದಿತ್ತಲ್ವಾ? ತುಂಬ ಅವಮಾನ ಆಯಿತು. ಅವತ್ತಿನಿಂದ ಊಟ ಮುಗಿಸಿದ ಕೂಡಲೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಅವರೂ ಕರೆಯುವುದು ಬಿಟ್ಟಿದ್ದಾರೆ. ಭಾಷೆ ಅರ್ಧಂಬರ್ಧ ಅರ್ಥವಾಗುತ್ತದೆ. ಅವರು ನಕ್ಕಾಗ ನಾನೂ ನಗುತ್ತೇನೆ, ಅಷ್ಟೆ. ದಿನಾ ರಾತ್ರಿ ಅಮ್ಮನ ಜೊತೆ ಒಂದು ಗಂಟೆ ಮಾತಾಡಿ ಅಳುತ್ತೇನೆ. ಮನೆ ಬದಲಾಯಿಸಿಕೊಂಡುಬಿಡು ಎನ್ನುತ್ತಾಳೆ ಅಮ್ಮ. ಕೋಆರ್ಡಿನೇಟರ್ ಕೂಡ ಬೇಕಾದರೆ ಬೇರೆ ಮನೆ ನೋಡೋಣ ಎಂದಿದ್ದಾರೆ. ಏನು ಮಾಡಲಿ?

ಉತ್ತರ: ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಈಗಲೇ ಮನೆ ಬದಲಾಯಿಸಬೇಡ. ಮೂರು ವಾರ ತಡಿ.

ಹಾಗೆ ಹೇಳುವ ಮುಂಚೆ ನಿನ್ನ ಪತ್ರವನ್ನು ಎರಡು ಸಲ ಓದಿದೆ. ಬೇರೇನಾದರೂ ಇದೆಯಾ ಅಂತ ಹುಡುಕಿದೆ. ಆ ಮನೆಯಲ್ಲಿ ಯಾರಾದರೂ ನಿನಗೆ ಇಷ್ಟವಿಲ್ಲದ ರೀತಿ ಮುಟ್ಟುತ್ತಿದ್ದರೆ, ಬಾಗಿಲು ತಟ್ಟದೆ ರೂಮಿಗೆ ನುಗ್ಗುತ್ತಿದ್ದರೆ, ನಿನ್ನ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದರೆ, ಹೊಟ್ಟೆಗೆ ಸರಿಯಾಗಿ ಕೊಡದಿದ್ದರೆ, ದಿನಾ ಮಗು ನೋಡಿಕೊಳ್ಳುವ ಕೆಲಸ ನಿನ್ನ ತಲೆಗೆ ಕಟ್ಟಿದ್ದರೆ, ಈ ಅಂಕಣ ಓದುತ್ತಾ ಕೂರಬೇಡ. ಇವತ್ತೇ ಕೋಆರ್ಡಿನೇಟರ್‌ಗೆ ಫೋನ್ ಮಾಡು, ಬ್ಯಾಗ್ ಕಟ್ಟು. ಅಂಥದ್ದೇನೂ ನೀನು ಬರೆದಿಲ್ಲ. ಹಾಗಾಗಿ ಇಲ್ಲ ಅಂದುಕೊಂಡೇ ಮುಂದಿನದು ಹೇಳುತ್ತಿದ್ದೇನೆ.

ನಿನ್ನ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಚೀಟಿಗಿಂತ ಜಾಸ್ತಿ ಆ ಇನ್ನೊಂದು ಸಾಲು. 'ಅವರು ನಕ್ಕಾಗ ನಾನೂ ನಗುತ್ತೇನೆ.' ಅರ್ಥವಾಗದಿದ್ದರೂ ನಗುವವಳು, ಅರ್ಥವಾಗದಿದ್ದರೂ ತಲೆ ಆಡಿಸುತ್ತಾಳೆ. ಹೌದು ತಾನೇ? ಊಟದ ವಿಷಯ, ನೆಲದ ವಿಷಯ ಆಂಟಿ ಬಾಯಲ್ಲೇ ಹೇಳಿರಬಹುದು, ಒಂದಲ್ಲ ಎರಡು ಸಲ. ನೀನು ಹೂಂ ಹೂಂ ಅಂದಿರಬಹುದು. ಮಾರನೇ ದಿನ ನೆಲದಲ್ಲಿ ಮತ್ತೆ ನೀರು. ಇವಳಿಗೆ ಕೇಳಿಸಿದರೂ ಮಾಡುತ್ತಿಲ್ಲವಾ, ಇಲ್ಲಾ ನನ್ನ ಮಾತೇ ಅರ್ಥವಾಗುತ್ತಿಲ್ಲವಾ ಅಂತ ತಲೆ ಕೆಡಿಸಿಕೊಂಡು ಕೊನೆಗೆ ಬರೆದು ಅಂಟಿಸಿರುತ್ತಾರೆ, ಬರೆದಿದ್ದರೆ ಡಿಕ್ಷನರಿ ಇಟ್ಟುಕೊಂಡು ನಿಧಾನಕ್ಕೆ ಓದಿಕೊಳ್ಳಬಹುದಲ್ಲ, ಅದಕ್ಕೆ. ಇದು ನನ್ನ ಊಹೆ. ಆದರೆ ಇಂಥ ಊಹೆ ಮಾಡಲು ನನಗೆ ಕಾರಣ ಇದೆ.

21ನೇ ವಯಸ್ಸಿನಲ್ಲಿ ನಾನೂ ಆರು ತಿಂಗಳು ಹೀಗೇ ಒಬ್ಬರ ಮನೆಯಲ್ಲಿದ್ದೆ. ಒಂದು ಸಂಜೆ ಮೆಟ್ಟಿಲ ಹತ್ತಿರ ಆ ಮನೆಯ ಅಜ್ಜಿ ಏನೋ ಹೇಳಿದರು. ನಾನು ಎಸ್ ಎಸ್ ಅಂದು ಚೆನ್ನಾಗಿ ನಕ್ಕು ಮೇಲೆ ಹೋದೆ. ಶನಿವಾರ ಬೆಳಿಗ್ಗೆ ಹೊದ್ದುಕೊಂಡು ಓದುತ್ತಾ ಬಿದ್ದಿದ್ದೆ. ಕೆಳಗೆ ಕಾರಿನ ಹಾರ್ನ್ ಒಂದೇ ಸಮ. ಕಿಟಕಿಯಿಂದ ನೋಡಿದರೆ ಮನೆಮಂದಿಯೆಲ್ಲ ಕೋಟು ಹಾಕಿಕೊಂಡು ಕಾರಿನಲ್ಲಿ ಕೂತಿದ್ದಾರೆ, ಅಜ್ಜಿಯ ಮಡಿಲಲ್ಲಿ ಒಂದು ಉಡುಗೊರೆ ಡಬ್ಬ. ಅವರ ತಂಗಿಯ ಹುಟ್ಟುಹಬ್ಬಕ್ಕೆ ನಾನೂ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೆನಂತೆ! ನಲವತ್ತು ನಿಮಿಷ ಕಾದಿದ್ದಾರೆ ಪಾಪ. ಈಗಲೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ. ಅವತ್ತು ಸಂಜೆಯೇ ನಾನು 'ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ' ಎನ್ನುವ ವಾಕ್ಯವನ್ನು ಅವರ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದು. ಅದನ್ನು ಮೊದಲ ದಿನವೇ ಕಲಿಯಬೇಕಿತ್ತು.

ಇನ್ನು ಆ ಅವಮಾನದ ವಿಷಯ. ಅದು ಸುಳ್ಳು ಅನ್ನುತ್ತಿಲ್ಲ. ಹೊಸ ದೇಶಕ್ಕೆ, ಹೊಸ ರೀತಿನೀತಿಗೆ ಹೋದವರಿಗೆ ಆಗುವ ಇಂಥ ತಳಮಳಕ್ಕೆ ಕಲ್ಚರ್ ಶಾಕ್ ಎನ್ನುತ್ತಾರೆ. ಆ ಮಾತು ಇಷ್ಟು ಪ್ರಚಾರಕ್ಕೆ ಬರಲು ಮುಖ್ಯ ಕಾರಣ ಕಲೆರ್ವೋ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ. ಅವರು 1954ರಲ್ಲಿ ರಿಯೋ ಡಿ ಜನೈರೋದಲ್ಲಿ ಇದರ ಬಗ್ಗೆ ಒಂದು ಭಾಷಣ ಮಾಡಿದ್ದರು. ಮೊದಲು ಎಲ್ಲವೂ ಚೆಂದ ಕಾಣುವ ಹನಿಮೂನ್ ಕಾಲ, ಅದು ಮುಗಿದ ಮೇಲೆ ಚಿಕ್ಕ ಚಿಕ್ಕದಕ್ಕೂ ಸಿಟ್ಟು, ಅಲ್ಲಿನ ಜನರ ಮೇಲೆ ಮುನಿಸು, ಮನೆಗೆ ಓಡಿಹೋಗಬೇಕೆನ್ನುವ ಆಸೆ, ಆಮೇಲೆ ನಿಧಾನಕ್ಕೆ ಹೊಂದಿಕೊಳ್ಳುವುದು ಎಂದು ಅವರು ವಿವರಿಸಿದ್ದರು. ಪದೇಪದೇ ಕೈ ತೊಳೆಯುವುದನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದರು, ಅದು ಓದಿ ನಗು ಬಂದಿತ್ತು, ಯಾಕೆಂದರೆ ನಾನೂ ಹಾಗೇ ಮಾಡುತ್ತಿದ್ದೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುವುದಿಲ್ಲ, ಆಮೇಲೆ ಬಂದ ಅಧ್ಯಯನಗಳು ಇದನ್ನು ಪ್ರಶ್ನಿಸಿವೆ. ಆದರೂ ಒಂದು ಚೀಟಿಗೆ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಳ್ಳುವುದು ಬರೀ ಚೀಟಿಯ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು, ಸುಸ್ತು. ಅರ್ಧ ಗೊತ್ತಿರುವ ಭಾಷೆಯನ್ನು ಬೆಳಿಗ್ಗೆಯಿಂದ ಕೇಳಿಸಿಕೊಂಡರೆ ಸಂಜೆ ಹೊತ್ತಿಗೆ ತಲೆ ಕಲ್ಲಾಗಿರುತ್ತದೆ. ಅದು ನಿಜವಾದ ದಣಿವು. ಆದರೆ ಅದು ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು ಊಟದ ತಟ್ಟೆ ಇಟ್ಟು ಎದ್ದು ಹೋಗುವ ಹುಡುಗಿ ಮತ್ತು ಮುಚ್ಚಿದ ಬಾಗಿಲು. ಪಾಪ ಒಂಟಿಯಾಗಿರಲು ಬಯಸುತ್ತಾಳೆ, ತೊಂದರೆ ಕೊಡುವುದು ಬೇಡ ಅಂತ ಸುಮ್ಮನಾಗಿರುತ್ತಾರೆ. ಕೆಲವು ಮನೆಗಳಲ್ಲಿ ಬೇಡ ಅಂದರೂ ಮೂರು ಸಲ ಕರೆಯುತ್ತಾರೆ. ಕೆಲವು ಮನೆಗಳಲ್ಲಿ ಒಂದೇ ಸಲ, ಬೇಡ ಅಂದರೆ ಬೇಡ, ಅದೇ ಅವರ ಮರ್ಯಾದೆ. ನೀನು ಎರಡನೇ ಕರೆಗೆ ಕಾಯುತ್ತಿದ್ದೀಯ, ಅವರು ನಿನ್ನ ಬಾಗಿಲಿಗೆ ಕಾಯುತ್ತಿದ್ದಾರೆ.

ಹೀಗೆ ಮಾಡು. ಆಂಟಿ ಅಡುಗೆಮನೆಯಲ್ಲಿ ಏನಾದರೂ ಕೆಲಸ ಮಾಡುತ್ತಿರುವಾಗ ಹೋಗು. ಎದುರುಬದುರು ಕೂತು ಮಾತಾಡುವುದಕ್ಕಿಂತ ಇಬ್ಬರ ಕೈಯಲ್ಲೂ ಕೆಲಸ ಇದ್ದರೆ ಮಾತು ಸಲೀಸು. ಪಾತ್ರೆ ಒರೆಸುತ್ತಾ ಕೇಳು: 'ಈ ಚೀಟಿಯಲ್ಲಿ ಇದ್ದಿದ್ದನ್ನು ನೀವು ನನಗೆ ಮೊದಲೂ ಹೇಳಿದ್ದಿರಾ? ಎಷ್ಟೋ ಸಲ ಅರ್ಥವಾಗದೆ ಹೂಂ ಅಂದುಬಿಡುತ್ತೇನೆ. ಹಾಗೆ ಇನ್ನೇನು ಬಿಟ್ಟುಹೋಗಿದೆ?' ನಿನಗೆ ಬೇಜಾರಾಗಿದ್ದನ್ನೂ ಹೇಳು, ಮುಚ್ಚಿಡಬೇಡ. ಸಂಜೆ ರೂಮಿಗೆ ಹೋಗುವುದು ಕೋಪಕ್ಕಲ್ಲ, ತಲೆ ದಣಿದು ಅಂತ ಹೇಳು. ಈ ಮಾತುಗಳನ್ನು ಮೊದಲೇ ಅವರ ಭಾಷೆಯಲ್ಲಿ ಒಂದು ಕಾಗದದ ಮೇಲೆ ಬರೆದುಕೊಂಡು ಹೋಗು, ನೋಡಿಕೊಂಡು ಓದಿದರೂ ಪರವಾಗಿಲ್ಲ. ಚೀಟಿಗೆ ಚೀಟಿ!

ಮನೆಯಲ್ಲಿ ಏಳು ವರ್ಷದ ಹುಡುಗ ಇದ್ದಾನೆ ಅಂದೆಯಲ್ಲ, ಅವನನ್ನು ಯಾಕೆ ಬಿಟ್ಟಿದ್ದೀಯ? ದೊಡ್ಡವರು ನಿನ್ನ ತಪ್ಪನ್ನು ಸೌಜನ್ಯಕ್ಕೆ ನುಂಗಿಕೊಳ್ಳುತ್ತಾರೆ, ಅವನು ನುಂಗುವುದಿಲ್ಲ. ಅವನ ಶಾಲೆಯ ಪುಸ್ತಕದಿಂದ ದಿನಾ ಒಂದು ಪುಟ ಅವನಿಗೆ ಓದಿ ಹೇಳು. ಬಿದ್ದು ಬಿದ್ದು ನಗುತ್ತಾನೆ, ತಿದ್ದುತ್ತಾನೆ. ಹದಿನೈದು ನಿಮಿಷ, ಅದೂ ಬಾಗಿಲು ತೆಗೆದಿಟ್ಟು, ಸಾಧ್ಯವಾದರೆ ಹಾಲ್‌ನಲ್ಲೇ.

ಅಮ್ಮನ ಫೋನ್ ಬಗ್ಗೆ ಹೇಳಿದರೆ ಬೈದುಕೊಳ್ಳುತ್ತೀಯೇನೋ. ನಿಲ್ಲಿಸು ಅನ್ನುತ್ತಿಲ್ಲ. ಹೊತ್ತು ಬದಲಾಯಿಸು. ದಿನದ ಅತಿ ಕೆಟ್ಟ ಗಂಟೆಯಲ್ಲಿ, ನೀನು ದಣಿದು ಹಾಸಿಗೆಗೆ ಬಿದ್ದಾಗ ಮಾತ್ರ ಅಮ್ಮ ನಿನ್ನನ್ನು ನೋಡುತ್ತಿದ್ದಾಳೆ. ಬಸ್ಸಿನಲ್ಲಿ ಯಾರೋ ದಾರಿ ಕೇಳಿದ್ದು, ನೀನು ಸರಿಯಾಗಿ ಹೇಳಿದ್ದು ಅವಳಿಗೆ ಗೊತ್ತೇ ಆಗುವುದಿಲ್ಲ. ದೂರದಲ್ಲಿ ಕೂತು ಮಗಳ ಅಳು ಕೇಳಿದ ಯಾವ ತಾಯಿಯಾದರೂ ಮನೆ ಬದಲಾಯಿಸು ಅಂತಲೇ ಅನ್ನುತ್ತಾಳೆ. ಎರಡೂ ಕಡೆಯ ಗಡಿಯಾರ ನೋಡಿಕೊಂಡು ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ಹತ್ತು ನಿಮಿಷ, ರಜೆ ದಿನ ಬೇಕಾದಷ್ಟು.

ಕೋಆರ್ಡಿನೇಟರ್‌ಗೆ ಸದ್ಯಕ್ಕೆ ಬೇರೆ ಮನೆ ಬೇಡ, ಎಲ್ಲರನ್ನೂ ಕೂರಿಸಿ ಒಂದು ಸಲ ಮಾತಾಡಿಸಿ ಎನ್ನು. ಹೊಸಬರ ಮನೆಯಲ್ಲಿ ಮಕ್ಕಳನ್ನು ಇರಿಸುವ ಈ ಪದ್ಧತಿ ಹೊಸದೇನಲ್ಲ. ಡೊನಾಲ್ಡ್ ವಾಟ್ ಎಂಬ ಅಮೆರಿಕನ್ 1932ರಲ್ಲಿ 'ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್' ಎಂಬ ವಿನಿಮಯ ಕಾರ್ಯಕ್ರಮ ಶುರು ಮಾಡಿದರು, ಆ ಹೆಸರಿನಲ್ಲೇ ಪ್ರಯೋಗ ಎಂಬ ಮಾತಿದೆ. ಕೆಲವು ಸಲ ಪ್ರಯೋಗ ಕೆಡುತ್ತದೆ. ಮೂರು ವಾರ ನೀನು ಬಾಗಿಲು ತೆಗೆದಿಟ್ಟ ಮೇಲೂ ಅವರು ಮುಖ ತಿರುಗಿಸಿದರೆ ಹೊರಡು, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಆದರೆ ಅಲ್ಲೂ ಒಂದು ಫ್ರಿಜ್ ಇರುತ್ತದೆ.

ಮೂರು ವಾರ ಆದ ಮೇಲೆ ಏನಾಯಿತು ಅಂತ ಬರಿ. ಹಾಂ, ಸ್ನಾನದ ಮನೆ ನೆಲಕ್ಕೆ ಮಾತ್ರ ಮೂರು ವಾರ ಕಾಯಬೇಡ, ಇವತ್ತೇ ಒರೆಸು. ಆ ವಿಷಯದಲ್ಲಿ ನಾನು ಆಂಟಿ ಕಡೆ.