ಫೋರ್ಜಿಂಗ್ ಮುಗಿದ ಬಿಸಿಯಲ್ಲೇ ಕ್ವೆಂಚ್ ಮಾಡಬಹುದೇ?

ಇಎನ್8 ಎಂಬ ಮಧ್ಯಮ ಇಂಗಾಲದ ಉಕ್ಕಿನ ಪಿನ್ನುಗಳನ್ನು ಕಾಯಿಸಿ ಬಡಿದು (ಫೋರ್ಜ್ ಮಾಡಿ), ಆರಲು ಬಿಟ್ಟು, ಮತ್ತೆ ಫರ್ನೇಸಿಗೆ ಹಾಕಿ ಕಾಯಿಸುವ ಬದಲು ಸುತ್ತಿಗೆಯಡಿಯಿಂದ ತೆಗೆದ ಕೂಡಲೇ ಕ್ವೆಂಚ್ ಮಾಡಿದರೆ (ಗಟ್ಟಿಯಾಗಲೆಂದು ಎಣ್ಣೆಗೋ ನೀರಿಗೋ ಅದ್ದಿ ಥಟ್ಟನೆ ತಣಿಸಿದರೆ) ಇಂಧನ ಉಳಿಯುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ಖಂಡಿತ ಉಳಿಯುತ್ತದೆ. ಮಂಗಳೂರಿನ ಬೈಕಂಪಾಡಿಯ ಒಂದು ಘಟಕದಲ್ಲಿ ಹಲವು ವರ್ಷ ಹೀಟ್ ಟ್ರೀಟ್‌ಮೆಂಟ್ ನೋಡಿಕೊಂಡವನಾಗಿ ನಾನು ಹೇಳಬೇಕಾದದ್ದು ಒಂದೇ: ತುಂಡು ಎಣ್ಣೆಗೆ ಇಳಿಯುವ ಕ್ಷಣದಲ್ಲಿ ಅದರ ಬಿಸಿ ಎಷ್ಟಿದೆ ಎಂಬುದು ನಿಮ್ಮ ಹಿಡಿತದಲ್ಲಿ ಇಲ್ಲದಿದ್ದರೆ ಈ ವಿಧಾನಕ್ಕೆ ಕೈ ಹಾಕಬೇಡಿ.

ಇಎನ್8ನಲ್ಲಿ ಸುಮಾರು 0.4% ಇಂಗಾಲವಿರುತ್ತದೆ. ಅದನ್ನು ಗಟ್ಟಿಮಾಡಲು 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಸಾಕು. ಆದರೆ ಬಡಿಯಲು ನಾವು 1,200 ಡಿಗ್ರಿಯವರೆಗೆ ಕಾಯಿಸುತ್ತೇವೆ, ಆ ಬಿಸಿಯಲ್ಲಿ ಉಕ್ಕಿನ ಒಳಗಿನ ಕಣಗಳು ದೊಡ್ಡದಾಗಿ ಬೆಳೆಯುತ್ತವೆ. ಸುತ್ತಿಗೆಯ ಪೆಟ್ಟು ಅವನ್ನು ಮತ್ತೆ ಸಣ್ಣದು ಮಾಡುತ್ತದೆಯಾದರೂ, ಕೊನೆಯ ಪೆಟ್ಟು ಬಿದ್ದಾಗಲೂ ತುಂಡು 1,100 ಡಿಗ್ರಿಯ ಮೇಲೆಯೇ ಇದ್ದರೆ ಅವು ಪುನಃ ಬೆಳೆಯುತ್ತವೆ. ದೊಡ್ಡ ಕಣದ ಉಕ್ಕು ಹೆಚ್ಚು ಆಳಕ್ಕೆ ಗಟ್ಟಿಯಾಗುತ್ತದೆ, ಅಷ್ಟೇ ಸುಲಭವಾಗಿ ಒಡೆಯುತ್ತದೆ. ಇನ್ನೊಂದು ಕಡೆ, ಅಂಚಿನ ಹೆಚ್ಚುವರಿ ಲೋಹ ಕತ್ತರಿಸುವ ಟ್ರಿಮ್ಮಿಂಗ್ ಪ್ರೆಸ್ಸಿನ ಬಳಿ ತಡವಾಗಿ ತೆಳುವಾದ ಅಂಚು ಹೆಚ್ಚು ಆರಿಹೋದರೆ ಅಲ್ಲಿ ಗಡಸುತನ ಬರುವುದೇ ಇಲ್ಲ.

ನಮ್ಮಲ್ಲಿ ಒಮ್ಮೆ ಒಂದು ಕಂತಿನ ಪಿನ್ನುಗಳನ್ನು ಬಡಿದ ಬಿಸಿಯಲ್ಲೇ ನೀರಿಗೆ ಅದ್ದಿ, ಟೆಂಪರಿಂಗ್ (ಪೆಡಸುತನ ಕಡಿಮೆಯಾಗಲು ಮತ್ತೆ ಹದವಾಗಿ ಕಾಯಿಸುವುದು) ನಾಳೆ ಮಾಡೋಣವೆಂದು ಟ್ರೇಯಲ್ಲೇ ಬಿಟ್ಟಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ ಹಲವು ಪಿನ್ನುಗಳ ತಲೆ ಮತ್ತು ಕಾಂಡ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಒಂದನ್ನು ಮುರಿದಾಗ ಬಿರುಕಿನ ಒಳಮೈಯಲ್ಲಿ ಕಪ್ಪು ಪೊರೆ ಇರಲಿಲ್ಲ, ಸಕ್ಕರೆಯ ಹರಳಿನಂತೆ ಮಿನುಗುವ ದಪ್ಪ ಕಣಗಳಿದ್ದವು. ಬಡಿಯುವಾಗಲೇ ಬಂದ ಬಿರುಕಾಗಿದ್ದರೆ ಒಳಗೆಲ್ಲ ಕರಕು ಹಿಡಿದಿರುತ್ತಿತ್ತು. ಅಂದರೆ ಇವು ಕ್ವೆಂಚಿನಿಂದ ಬಂದ ಬಿರುಕುಗಳು. ಹಾಗಾಗಿ ಕ್ವೆಂಚ್ ಆದ ತುಂಡು ಕೈಗೆ ಬೆಚ್ಚಗಿರುವಾಗಲೇ ಅದನ್ನು ಟೆಂಪರಿಂಗಿಗೆ ಒಯ್ಯಿರಿ.

ಮನೆ ಕಟ್ಟುವ ಟಿಎಂಟಿ ಸರಳನ್ನೂ ರೋಲಿಂಗ್ ಆದ ತಕ್ಷಣ ನೀರಿನಿಂದ ತಣಿಸುತ್ತಾರಲ್ಲ ಎಂದು ನೀವು ಕೇಳಬಹುದು. ಅದರಲ್ಲಿ ಇಂಗಾಲ ಕಡಿಮೆ, ತಣಿಯುವುದು ಹೊರಪದರ ಮಾತ್ರ, ಆಮೇಲೆ ತಿರುಳಿನ ಬಿಸಿಯೇ ಹೊರಗೆ ಬಂದು ಆ ಪದರವನ್ನು ಟೆಂಪರ್ ಮಾಡುತ್ತದೆ. ನಿಮ್ಮ ಪಿನ್ನಿಗೆ ಆ ಅನುಕೂಲವಿಲ್ಲ.

ಮಾಡಲೇಬೇಕೆಂದಿದ್ದರೆ ಸುತ್ತಿಗೆ ಮತ್ತು ಎಣ್ಣೆ ತೊಟ್ಟಿಯ ನಡುವೆ 860 ಡಿಗ್ರಿಯಲ್ಲಿಟ್ಟ ಒಂದು ಸಣ್ಣ ಫರ್ನೇಸ್ ಇರಿಸಿಕೊಂಡು, ಪ್ರತಿ ತುಂಡನ್ನೂ ಅದರಲ್ಲಿ ಕೆಲವು ನಿಮಿಷ ನಿಲ್ಲಿಸಿ ದಪ್ಪ ಭಾಗವೂ ತೆಳು ಭಾಗವೂ ಒಂದೇ ಬಿಸಿಗೆ ಬಂದ ಮೇಲೆ ಅದ್ದಿರಿ. ಕಣ್ಣಂದಾಜು ಸಾಲದು, ಬಿಸಿ ಅಳೆಯುವ ಪೈರೋಮೀಟರ್ ಬೇಕು. ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಮಾಡಿನ ಶೀಟಿನಿಂದ ಸೋರಿದ ನೀರು ಎಣ್ಣೆ ತೊಟ್ಟಿಯ ತಳದಲ್ಲಿ ನಿಂತಿದ್ದರೆ, ಕೆಂಪು ತುಂಡು ಇಳಿದಾಗ ಅದು ಆವಿಯಾಗಿ ಉಕ್ಕಿ, ಎಣ್ಣೆಯನ್ನು ಹೊರಗೆ ಚೆಲ್ಲಿ ಬೆಂಕಿ ಹತ್ತಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನ ಕೆಲಸ ಶುರುಮಾಡುವ ಮೊದಲು ತಳದ ವಾಲ್ವ್ ತೆರೆದು ನೋಡಿ.