ಗ್ರಾಫಿಕ್ ಡಿಸೈನ್ ಕಲಿಯುತ್ತಿದ್ದೇನೆ. ಊರಿನ ದೇವಸ್ಥಾನದ ಆಮಂತ್ರಣ ಪತ್ರಿಕೆ ಮಾಡಿಕೊಡಬೇಕು. ಬಣ್ಣದಿಂದ ಶುರು ಮಾಡಲೇ?

ಗೆರೆ, ಆಕಾರ, ಬಣ್ಣ, ಜಾಗ, ಅಕ್ಷರ ಎಂದು ವಿನ್ಯಾಸದ ಮೂಲಾಂಶಗಳ ಪಟ್ಟಿ ಬಾಯಿಪಾಠ ಮಾಡಿ ಕೊನೆಗೆ ಬಣ್ಣದ ಹತ್ತಿರ ಸಿಕ್ಕಿಬಿದ್ದಿದ್ದೀರಿ. ನಾನೂ ಅಲ್ಲಿಂದಲೇ ಬಂದವನು. ಬಣ್ಣ ಸದ್ಯ ಪಕ್ಕಕ್ಕಿಡಿ ಮಾರಾಯ್ರೆ. ಬರೀ ಕಪ್ಪಿನಲ್ಲಿ ಚೆನ್ನಾಗಿ ಕಾಣದ ಪತ್ರಿಕೆ ಬಣ್ಣ ಹಚ್ಚಿದರೂ ಸುಧಾರಿಸುವುದಿಲ್ಲ.

ಮೊದಲು ಜಾಗ ಕಲಿಯಿರಿ, ಅದರಲ್ಲೂ ಕನ್ನಡದ ಸಾಲುಗಳ ನಡುವಿನ ಜಾಗ. ನನ್ನ ಕೈಯಿಂದ ದುಡ್ಡು ಹಾಕಿ ಮತ್ತೆ ಅಚ್ಚು ಹಾಕಿಸುವಂತೆ ಮಾಡಿದ್ದು ಇದೇ, ಹಾಗಾಗಿ ಉದ್ದಕ್ಕೆ ಹೇಳುತ್ತೇನೆ. ಅಡೋಬಿ ತಂತ್ರಾಂಶಗಳಲ್ಲಿ ಲೀಡಿಂಗ್ (ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕಿರುವ ಅಂತರ) 'ಆಟೋ' ಇದ್ದರೆ ಅದು ಅಕ್ಷರದ ಗಾತ್ರದ ಶೇ. 120, ಅಂದರೆ 20 ಪಾಯಿಂಟಿಗೆ 24. ಇಂಗ್ಲಿಷಿಗೆ ಸಾಕು. ಈಗ 'ಬ್ರಹ್ಮಕಲಶೋತ್ಸವ' ಎಂದು ಬರೆದು ನೋಡಿ. ರ, ಮ, ಸ ಮೂರು ಒತ್ತುಗಳೂ ಕೆಳಗೆ ಇಳಿಯುತ್ತವೆ. ಕೆಳಸಾಲಿನಲ್ಲಿ 'ಶ್ರೀ ದೇವಿ' ಇದ್ದರೆ ಅದರ ಗುಡಿಸು, ಏತ್ವ ಮೇಲಕ್ಕೆ ಏಳುತ್ತವೆ. ಎರಡೂ ನಡುವಿನಲ್ಲಿ ಡಿಕ್ಕಿ ಹೊಡೆಯುತ್ತವೆ. 'ರಾಷ್ಟ್ರ', 'ಸ್ತ್ರೀ' ಥರದ ಎರಡೊತ್ತಿನ ಅಕ್ಷರ ಬಂದರಂತೂ ಕೇಳುವುದೇ ಬೇಡ. ಪರದೆಯ ಮೇಲೆ ದೊಡ್ಡದು ಮಾಡಿ ನೋಡುವಾಗ ಕೂದಲೆಳೆಯಷ್ಟು ಸಂದು ಕಾಣುತ್ತದೆ, ಸರಿಯಿದೆ ಅನ್ನಿಸುತ್ತದೆ. ಅಚ್ಚಿನಲ್ಲಿ ಶಾಯಿ ಸ್ವಲ್ಪ ಹರಡುತ್ತದೆ, ಸಂದು ಮುಚ್ಚಿಹೋಗುತ್ತದೆ, ಒತ್ತು ಯಾವ ಸಾಲಿನದ್ದೆಂದೇ ತಿಳಿಯುವುದಿಲ್ಲ. ಹಾಗಾಗಿ 14 ಪಾಯಿಂಟಿನ ಪಠ್ಯಕ್ಕೆ 20ರಿಂದ 21 ಪಾಯಿಂಟ್ ಲೀಡಿಂಗ್ ಕೊಡಿ. ತಲೆಬರಹಕ್ಕೆ ಶೇ. 130ರಿಂದ ಶುರು ಮಾಡಿ, ಒತ್ತು ಬಿದ್ದಲ್ಲಿ ಕಣ್ಣಳತೆಯಲ್ಲಿ ಸರಿಪಡಿಸಿ. ನಿಜವಾದ ಅಳತೆಯಲ್ಲೇ ಒಂದು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ಓದಿ. ಹೆಸರುಗಳೆಲ್ಲ ಜಾಗದಲ್ಲಿ ಹಿಡಿಯದಿದ್ದರೆ ಸಾಲನ್ನು ಬಿಗಿ ಮಾಡಬೇಡಿ, ಪತ್ರಿಕೆಗೆ ಇನ್ನೊಂದು ಮಡಿಕೆ ಸೇರಿಸಿ. ಹಾಗೆಯೇ ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ. ದೀರ್ಘದ ಚಿಹ್ನೆಯೂ ಒತ್ತೂ ತಮ್ಮ ಅಕ್ಷರದಿಂದ ದೂರ ಸರಿದು ಪದ ಒಡೆದಂತೆ ಕಾಣುತ್ತದೆ.

ವಿನ್ಯಾಸದ ತತ್ವಗಳಲ್ಲಿ ನಿಮಗೆ ತಕ್ಷಣ ಬೇಕಾದದ್ದು ಸಾಮೀಪ್ಯ. ಹತ್ತಿರ ಇರುವುದನ್ನು ಕಣ್ಣು ಒಂದೇ ಗುಂಪೆಂದು ಓದುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲೇ ಚುಕ್ಕಿಗಳ ಸಾಲು ಹಾಕಿ ಇದನ್ನು ತೋರಿಸಿದ್ದರು. ತಾರೀಕು, ಮುಹೂರ್ತ, ಸ್ಥಳ ಒಟ್ಟಿಗಿರಲಿ. ಆ ಗುಂಪಿನ ಸುತ್ತಲಿನ ಜಾಗ ಒಳಗಿನ ಸಾಲಿನ ಅಂತರಕ್ಕಿಂತ ಎರಡು ಪಟ್ಟಾದರೂ ಇರಲಿ. ಪ್ರಾಮುಖ್ಯ ತೋರಿಸಲು ಮೂರೇ ಗಾತ್ರ ಸಾಕು: 14, 28, 56 ಪಾಯಿಂಟ್. ಹದಿನಾಲ್ಕರ ಪಕ್ಕ ಹದಿನಾರು ಇಟ್ಟರೆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ, ತಪ್ಪಿ ಆದಂತೆ ಕಾಣುತ್ತದೆ.

ಇದನ್ನೇ ಫ್ಲೆಕ್ಸಿಗೂ ಹಾಕುತ್ತಾರೆಂದಾದರೆ ಲೆಕ್ಕ ಬೇರೆ. ಓದುವವರು ನಿಂತಿರುವ ಪ್ರತಿ 10 ಅಡಿಗೆ ಅಕ್ಷರ ಸುಮಾರು 1 ಇಂಚು ಎತ್ತರ. ಮಂಗಳೂರಿನ ಪಂಪ್‌ವೆಲ್ ವೃತ್ತದಂಥ ಕಡೆ ಬಸ್ಸಿನ ಕಿಟಕಿಯಿಂದ 50 ಅಡಿ ದೂರಕ್ಕೆ ಓದಬೇಕಾದರೆ 5 ಇಂಚು, ಅದೂ ಒತ್ತು ಬಿಟ್ಟು, ಮೂಲ ಅಕ್ಷರದ ಅಳತೆ. ಒಂದೇ ಗಾತ್ರದ ಇಪ್ಪತ್ತು ಮುಖಗಳ ನಡುವೆ ತಾರೀಕು ಹುಡುಕಿಸುವ ಫ್ಲೆಕ್ಸ್ ನನ್ನ ಪ್ರಕಾರ ಅರ್ಧ ದಂಡ. ಸಮಿತಿಯವರಿಗೆ ಇದನ್ನು ಮೊದಲೇ ಹೇಳಿ.

ಇಷ್ಟಾದ ಮೇಲೆ ಬಣ್ಣ. ಎಷ್ಟು ಗಾಢ, ಎಷ್ಟು ತಿಳಿ ಎಂಬುದೇ ಮುಖ್ಯ. ಕಡತವನ್ನು ಕಪ್ಪುಬಿಳುಪು ಮಾಡಿ ನೋಡಿ: ಅರಿಶಿನದ ಮೇಲೆ ಕುಂಕುಮದ ಬಣ್ಣ ಎದ್ದು ನಿಲ್ಲುತ್ತದೆ, ಕಡುಹಸಿರಿನ ಮೇಲೆ ಅದೇ ಕೆಂಪು ಕಾಣೆಯಾಗುತ್ತದೆ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿ ಮಾತ್ರ ಶೇ. 100 ಇಡಿ, ಅಚ್ಚಿನ ನಾಲ್ಕೂ ಶಾಯಿ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಬೆರೆಸಿದರೆ ಅಚ್ಚಿನ ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ.

ಪ್ರೆಸ್ಸಿಗೆ ಕೊಡುವಾಗ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಹಿನ್ನೆಲೆ) ಬಿಡಿ, ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ. ಇಲ್ಲವಾದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಕರ್ವ್ ಮಾಡುವ ಮೊದಲು ಮೂಲ ಕಡತದ ಪ್ರತಿ ಬೇರೆ ಇಟ್ಟುಕೊಳ್ಳಿ, ಹೆಸರುಗಳ ತಿದ್ದುಪಡಿ ಕೊನೆಯ ಗಳಿಗೆಯಲ್ಲೂ ಬರುತ್ತದೆ.